ಒಂದು ಮನೆಗೆ ಒಂದು ವೋಟು

ಕೈ ಎತ್ತಿದರೆ ಕಂಕುಳಿನ ಬೆವರು ಕಾಣುತ್ತದೆ, ಮೊದಲು ಹೊಳೆದದ್ದು ಅದೇ, ನಾಚಿಕೆಗೇಡು, ಇಷ್ಟೆಲ್ಲ ತಲೆಯ ಮೇಲೆ ಕೂತಿರುವಾಗ ಮೇದಿನಿಗೆ ಚಿಂತೆ ಬ್ಲೌಸಿನದು, ಜಯಾ ಆಂಟಿ ಕೊಟ್ಟ ತಿಳಿಹಸಿರು ರೇಷ್ಮೆ ಬ್ಲೌಸು, ಒದ್ದೆಯಾದರೆ ಕಡುಹಸಿರಾಗುವ ಜಾತಿಯದು, ಬಲಗಡೆ ಆಗಲೇ ಚಪಾತಿಯಷ್ಟು ಅಗಲ ಆಗಿರಬೇಕು, ಎಡಗೈ ಎತ್ತಿದರೆ ಯಾರಾದರೂ ಏನಾದರೂ ಅಂದಾರು, ಅಥವಾ ಮೊಣಕೈಯನ್ನು ಪಕ್ಕೆಗೆ ಅಂಟಿಸಿಕೊಂಡು ಬರೀ ಅಂಗೈ ಎತ್ತುವುದು, ಸಿಟಿ ಬಸ್ಸಿನಲ್ಲಿ ಕಂಡಕ್ಟರಿಗೆ ಚಿಲ್ಲರೆ ಕೇಳುವ ಹಾಗೆ – ಹಾಗೆ ಎತ್ತಿದರೆ ಯಾರಿಗೂ ಕಾಣುವುದಿಲ್ಲ, ಎಷ್ಟು ಚೆನ್ನ, ಕೊಟ್ಟ ಮಾತೂ ಉಳಿಯಿತು, ಯಾರ ಕಣ್ಣಿಗೂ ಬೀಳಲಿಲ್ಲ. ವೇದಿಕೆಯ ಮೇಲೆ ಸೀತಾರಾಮ ಅಂಕಲ್ ಹೊಸ ಸ್ಪೀಕರ್ ಸೆಟ್ಟಿನ ವಿಷಯ ಹೇಳುತ್ತಿದ್ದಾರೆ, ಸಂಘದ ಅಧ್ಯಕ್ಷರು, ಬೂದುಬಣ್ಣದ ಜುಬ್ಬಾ, ತಲೆಯ ಹಿಂದೆ ಬೆಳಗಿನ ಬ್ಯಾನರು ಇನ್ನೂ ಹಾಗೇ ಇದೆ, ಮಹಿಳಾ ದಿನಾಚರಣೆ ಅಂತ ಗುಲಾಬಿ ಅಕ್ಷರ, ಒಂದು ಮೂಲೆಯ ಟೇಪು ಬಿಟ್ಟು ಮಡಚಿಕೊಂಡಿದೆ. ಬೆಳಿಗ್ಗೆ ಭಾಷಣ, ಆಮೇಲೆ ಊಟ, ಊಟದ ಮೇಲೆ ಕನ್ನಡ ಸಂಘದ ವಾರ್ಷಿಕ ಸಭೆ, ಲಾಸ್ ಏಂಜಲೀಸಿನವರೂ ಸ್ಯಾನ್ ಡಿಯಾಗೋದವರೂ ಸೇರಿ ಟೊರೆನ್ಸಿನ ಈ ಬಾಡಿಗೆ ಹಾಲಿನಲ್ಲಿ, ಮಡಚುವ ಕುರ್ಚಿಗಳು, ಬಿಸಿಬೇಳೆಬಾತಿನ ವಾಸನೆ, ತೂಕಡಿಕೆ. ಸ್ಪೀಕರ್ ತಗೊಳೋದಕ್ಕೆ ಅನುಮೋದನೆ, ಯಾರು ಸೆಕೆಂಡ್ ಮಾಡ್ತೀರಿ ಅಂತ ಅಂಕಲ್ ಕೇಳಿ ಬಾಯಿ ಮುಚ್ಚುವ ಮೊದಲೇ ಸೆಕೆಂಡ್, ಸೆಕೆಂಡ್, ನಂದೂ ಸೆಕೆಂಡ್, ಹಿಂದಿನಿಂದ ಮುಂದಿನಿಂದ ಗಂಡಸರ ಕೈಗಳು, ಕಾರ್ಯದರ್ಶಿ ಶಿವರಾಮ ಅಂಕಲ್ ಎರಡೂ ಕೈ ಎತ್ತಿ, ಅಧ್ಯಕ್ಷರೇ ನಾನು ಥರ್ಡೂ ಮಾಡ್ತೀನಿ, ಹಾಲೆಲ್ಲ ನಗು. ಎಷ್ಟು ಸಲೀಸು ಇವರಿಗೆ, ನೊಣ ಓಡಿಸುವ ಹಾಗೆ ಕೈ ಏಳುತ್ತದೆ, ಇಳಿಯುತ್ತದೆ, ಅವರ ಕಂಕುಳಲ್ಲೂ ಬೆವರಿದೆ, ಯಾರೂ ನೋಡುವುದಿಲ್ಲ, ಅವರೂ ನೋಡಿಕೊಳ್ಳುವುದಿಲ್ಲ. ಇನ್ನು ಮುಂದಿನದು ಪ್ರಭಾ ಆಂಟಿಯ ಪ್ರಸ್ತಾಪ. ಅದಕ್ಕೆ ಸೆಕೆಂಡ್ ಮಾಡಬೇಕಾದವಳು ತಾನು, ಮಾಡುತ್ತೇನೆ ಅಂದಿದ್ದಾಳೆ, ಫೋನಿನಲ್ಲಿ, ಬಾಯಿ ತೆಗೆದು ಅಂದಿದ್ದಾಳೆ.

ಒಂದು ಮನೆಗೆ ಒಂದು ವೋಟು, ಸಂಘ ಹುಟ್ಟಿದಾಗಿನಿಂದ ಹಾಗೇ, ಫ್ಯಾಮಿಲಿ ಮೆಂಬರ್‌ಶಿಪ್ ಅಂದರೆ ಗಂಡ ಹೆಂಡತಿ ಮಕ್ಕಳು ಎಲ್ಲ ಸೇರಿ ಒಂದು, ವೋಟು ಮೊದಲ ಹೆಸರಿಗೆ, ಮೊದಲ ಹೆಸರು ಯಾವುದು ಅಂತ ಯಾರೂ ಕೇಳುವುದಿಲ್ಲ, ಮದುವೆಯ ಕರೆಯೋಲೆಯಲ್ಲಿ ಇರುವಂತೆ ಇರುತ್ತದೆ. ಹೋದ ವರ್ಷದ ಚುನಾವಣೆ ನೆನಪಿದೆ, ಇದೇ ಹಾಲು, ಸಾಲಿನಲ್ಲಿ ಪ್ರಭಾ ಆಂಟಿ ಅವಳ ಮುಂದೆ, ಕತ್ತರಿಸಿದ ಬಿಳಿ ಕೂದಲು, ವಿಮಾನ ಕಟ್ಟುವ ಕಂಪನಿಯಲ್ಲಿ ರೆಕ್ಕೆ ಎಷ್ಟು ಭಾರ ತಡೆಯುತ್ತದೆ ಅಂತ ಲೆಕ್ಕ ಮಾಡಿ ರಿಟೈರ್ ಆದವರು, ಭಾನುವಾರದ ಕನ್ನಡ ಶಾಲೆ ಶುರು ಮಾಡಿದವರು, ಈ ಹಾಲಿನ ಅರ್ಧ ಮಕ್ಕಳಿಗೆ ಅ ಆ ಇ ಈ ತಿದ್ದಿಸಿದವರು, ಅವರು ಮೇಜಿನ ಹತ್ತಿರ ಹೋದರೆ ಅಲ್ಲಿ ಕೂತಿದ್ದವರು ನಿಮ್ಮ ಮನೆ ವೋಟು ಆಗಿದೆ ಮೇಡಂ ಅಂದರು. ಅವರ ಯಜಮಾನರು ನೀಲಕಂಠಪ್ಪ ಅಂಕಲ್ ಆಗಲೇ ಹಾಕಿ ಕಾಫಿ ಕುಡಿಯುತ್ತಿದ್ದರು, ಬೆಳ್ಳಗೆ ನಕ್ಕು, ನಿನ್ನದೂ ಸೇರ್ಸೇ ಹಾಕಿದೀನಿ ಮಾರಾಯ್ತಿ, ಯಾರಿಗೆ ಹಾಕಿದ್ರಿ, ಸೀತಾರಾಮಂಗೆ, ನಾನು ಅವರ ವಿರುದ್ಧ ನಿಂತಿರೋ ಹುಡುಗಿಗೆ ಹಾಕೋಣ ಅಂತಿದ್ದೆ, ಅಯ್ಯೋ ಹೌದಾ, ಮೊದ್ಲೇ ಹೇಳ್ಬಾರ್ದಾ. ಎಲ್ಲರೂ ನಕ್ಕರು, ಪ್ರಭಾ ಆಂಟಿಯೂ ನಕ್ಕರು, ಆಮೇಲೆ ನಗು ಅವರ ಮುಖದಿಂದ ಇಳಿದದ್ದನ್ನು ಹಿಂದೆ ನಿಂತಿದ್ದ ಮೇದಿನಿ ಒಬ್ಬಳೇ ನೋಡಿದಳು. ಅವಳ ಸರದಿ ಬಂತು, ಸ್ಟೂಡೆಂಟ್ ಮೆಂಬರ್, ಆಗ ಈ ದೇಶಕ್ಕೆ ಬಂದು ವರ್ಷ ತುಂಬಿರಲಿಲ್ಲ, ಯಾರು ನಿಂತಿದ್ದಾರೆ ಅಂತಲೂ ಗೊತ್ತಿರಲಿಲ್ಲ, ಅವಳ ಕೈಗೆ ಚೀಟಿ ಕೊಟ್ಟರು. ಪ್ರಭಾ ಆಂಟಿ ತಿರುಗಿ, ಹಾಕ್ಬಿಡು ಮರಿ, ಈಗ್ಲೇ ಹಾಕ್ಬಿಡು, ಮದುವೆ ಆದ್ರೆ ಇದೂ ಹೋಗುತ್ತೆ. ಆ ಮಾತು ಆ ದಿನ ತಮಾಷೆ, ಈಗ ನೆನೆದರೆ ತಮಾಷೆಯಲ್ಲ, ಯಾಕೆಂದರೆ ಮೈಸೂರಿನಲ್ಲಿ ಅಪ್ಪ ಜಾತಕಗಳನ್ನು ತೆಗೆದಿದ್ದಾರೆ. ಸೆಕೆಂಡ್ ಮಾಡಬೇಕಿದ್ದದ್ದು ದ್ರಾಕ್ಷಾಯಣಿ ಆಂಟಿ, ಧಾರವಾಡದವರು, ಗಂಡ ತೀರಿಕೊಂಡ ಮೇಲೆ ವೋಟು ಅವರ ಹೆಸರಿಗೆ ಬಂದಿತ್ತು, ನಮ್ಮನಿಯವರು ಹೋದ ಮ್ಯಾಲ ನನಗ ವೋಟು ಬಂತು ನೋಡವಾ, ಇಷ್ಟ ತುಟ್ಟಿ ವೋಟು ಈ ಅಮೇರಿಕಾದಾಗ ಯಾರೂ ಹಾಕಿಲ್ಲ ಅಂತ ತಾವೇ ಹೇಳಿ ತಾವೇ ನಗುವವರು, ಅವರಿದ್ದಿದ್ದರೆ ಈ ಹೊತ್ತಿಗೆ ಮುಗಿದಿರುತ್ತಿತ್ತು, ಆದರೆ ಮಗಳಿಗೆ ಹೆರಿಗೆ ಮುಂಚೆಯೇ ಆಗಿ ಬಾಣಂತನಕ್ಕೆ ಡಾಲಸ್‌ಗೆ ಓಡಿದ್ದಾರೆ. ಪ್ರಭಾ ಆಂಟಿ ಫೋನು ಮಾಡಿದ್ದು ಗುರುವಾರ – ಪ್ರಪೋಸ್ ನಾನು ಮಾಡ್ಬಹುದು ಮರಿ, ಸೆಕೆಂಡ್ ಮಾಡೋರಿಗೆ ಮಾತ್ರ ವೋಟಿರ್ಬೇಕಂತೆ, ಬೇರೆ ಮನೆಯವರಾಗಿರ್ಬೇಕಂತೆ, ಹೆಂಗಸರಿಗೆ ವೋಟು ಕೊಡಿ ಅಂತ ಕೇಳೋಕೂ ವೋಟು ಬೇಕು, ಹೆಂಗಿದೆ ನೋಡು ಕಥೆ, ನಿನ್ನ ಸ್ಟೂಡೆಂಟ್ ಮೆಂಬರ್‌ಶಿಪ್ ಇನ್ನೂ ಇದೆ, ವೋಟು ನಿನ್ನದೇ ಹೆಸರಲ್ಲಿ, ನಿಂತ್ಕೊಂಡು ಒಂದು ಮಾತು, ಸೆಕೆಂಡ್ ಅಂತ, ಅದು ಒಪ್ಪಿಗೆ ಅಂತ ಅಲ್ಲ, ಚರ್ಚೆ ಆಗ್ಲಿ ಅಂತ ಅಷ್ಟೆ, ಇವತ್ತು ಬಿದ್ದು ಹೋದ್ರೆ ಮೂರು ವರ್ಷ ಮತ್ತೆ ತರೋ ಹಾಗಿಲ್ಲ, ಆಮೇಲೆ ನಂಗೆ ಉಸಿರಿರುತ್ತೋ ಇಲ್ವೋ. ಮೇದಿನಿ ಆಯ್ತು ಆಂಟಿ ಅಂದಳು. ಧೈರ್ಯದಿಂದ ಅಂದದ್ದಲ್ಲ, ಆಗಲ್ಲ ಅನ್ನಲು ಧೈರ್ಯ ಸಾಲದೆ ಅಂದದ್ದು, ಆ ಹೂಂ ಕೂಡ ಹೆದರಿಕೆ ಹಾಕಿದ ಮರಿ.

ಯಾರಿಗೆ ಹೆದರಿಕೆ, ಸೀತಾರಾಮ ಅಂಕಲ್‌ಗೆ, ಅವರು ಒಂದು ದಿನ ಗದರಿದವರಲ್ಲ, ಗದರಿದ್ದರೆ ಎಷ್ಟೋ ಸುಲಭವಿತ್ತು. ವಿಮಾನ ಇಳಿದ ದಿನ ಹೆಸರು ಬರೆದ ರಟ್ಟು ಹಿಡಿದು ನಿಂತವರು ಅವರು, ಅಪ್ಪನ ಕಾಲೇಜಿನ ಗೆಳೆಯ, ನೀನು ನಮ್ಮನೆ ಮಗು ಕಣಮ್ಮ, ಸ್ಯಾನ್ ಡಿಯಾಗೋದ ಯೂನಿವರ್ಸಿಟಿ ಸಿಟಿಯಲ್ಲಿ ಅವರ ಮನೆಯ ಹಿಂದಿನ ಕೋಣೆ, ಕಿಟಕಿಯಾಚೆ ನಿಂಬೆ ಗಿಡ, ಬಾಡಿಗೆ ಕೊಡಲು ಹೋದರೆ ಬೇಜಾರಾಗಿ ಊಟ ಬಿಟ್ಟವರು, ಜ್ವರ ಬಂದಾಗ ಗಂಜಿ ಬಟ್ಟಲನ್ನು ಬಾಗಿಲ ಹೊರಗಿಟ್ಟು ಕೆಮ್ಮಿ ಹೋದವರು. ಡಿಗ್ರಿ ಮುಗಿದಿದೆ, ಕೆಲಸ ಇಲ್ಲ, ಕೆಲಸವಿಲ್ಲದೆ ಇಲ್ಲಿ ಇರಬಹುದಾದ ದಿನಗಳನ್ನು ಸರ್ಕಾರ ಅಳೆದು ಕೊಟ್ಟಿದೆ, ಅವು ಫ್ರಿಜ್ಜಿನಿಂದ ಹೊರಗಿಟ್ಟ ಬೆಣ್ಣೆಯ ಹಾಗೆ ಕರಗುತ್ತಿವೆ, ಸೊರೆಂಟೊ ವ್ಯಾಲಿಯ ಔಷಧಿ ಕಂಪನಿಯಲ್ಲಿ ಅಂಕಲ್‌ನ ಸ್ನೇಹಿತರಿದ್ದಾರೆ, ಅಂಕಲ್ ಹೇಳಿದ್ದಕ್ಕೇ ಇಂಟರ್‌ವ್ಯೂ, ಮಂಗಳವಾರ, ಅಂಕಲ್ಲೇ ಡ್ರಾಪ್ ಮಾಡುತ್ತಾರೆ, ಅಂಕಲ್ಲೇ ಆ ಸ್ನೇಹಿತರಿಗೆ ಬೆಳಿಗ್ಗೆ ಇನ್ನೊಂದು ಸಲ ಫೋನು ಮಾಡುತ್ತಾರೆ – ಅಥವಾ ಮಾಡುವುದಿಲ್ಲ. ಮಾಡದಿದ್ದರೆ ಯಾರೂ ತಪ್ಪು ಹೇಳುವಂತಿಲ್ಲ, ಒಂದು ಫೋನು ಮಾಡದಿರುವುದು ಯಾರ ಕಣ್ಣಿಗೂ ಕಾಣುವ ಕೆಲಸವಲ್ಲ. ಅಪ್ಪ ವಾರಕ್ಕೊಮ್ಮೆ, ಸೀತಾರಾಮನ ಮನಸ್ಸು ನೋಯಿಸ್ಬೇಡ ಪುಟ್ಟಿ, ಅವನಿಲ್ದೆ ಇದ್ರೆ ನೀನು ಅಲ್ಲಿ ಬೀದೀಲಿ, ಆಗ್ಲಿಲ್ಲ ಅಂದ್ರೆ ವಾಪಸ್ ಬಾ, ಇಲ್ಲೇನು ಕಡಿಮೆ, ಹುಡುಗ ಬ್ಯಾಂಕಲ್ಲಿದಾನೆ. ಹುಡುಗನ ಫೋಟೋ ನೋಡಿದ್ದಾಳೆ, ಕೆಟ್ಟವನ ಹಾಗಿಲ್ಲ, ಕೆಟ್ಟವನಾಗಿರುವ ಅಗತ್ಯವೂ ಇಲ್ಲ, ನಿನ್ನದೂ ಸೇರ್ಸೇ ಹಾಕಿದೀನಿ ಅಂತ ಬೆಳ್ಳಗೆ ನಕ್ಕರೆ ಸಾಕು. ಬೆಳಿಗ್ಗೆ ಕಾರಿನಲ್ಲಿ ಬರುವಾಗ ಅಂಕಲ್ ಸಂತೋಷವಾಗಿದ್ದರು, ಐದನೇ ನಂಬರಿನ ಫ್ರೀವೇಯಿಂದ ನಾನೂರೈದಕ್ಕೆ ಹೊರಳುವಲ್ಲಿ ಎಡಕ್ಕೆ ಬಲಕ್ಕೆ ಲೇನು ಬದಲಿಸುತ್ತ, ಇವತ್ತು ಪ್ರಭಾ ಏನೋ ತರ್ತಾರಂತೆ, ತರ್ಲಿ, ಡೆಮಾಕ್ರಸಿ, ಸೆಕೆಂಡ್ ಮಾಡೋರಿಲ್ದೆ ತಾನಾಗೇ ಬಿದ್ದು ಹೋಗುತ್ತೆ, ನಾವ್ಯಾಕೆ ಕೆಟ್ಟೋರಾಗ್ಬೇಕು, ಅಲ್ವೇನಮ್ಮ ಮೇದಿನಿ. ಅವಳು ಹೂಂ ಅಂದಳು. ಈ ಕಡೆಗೂ ಹೂಂ, ಆ ಕಡೆಗೂ ಹೂಂ. ಒಂದು ಮನೇಲಿ ಎರಡು ವೋಟು ಅಂದ್ರೆ ಎರಡು ಅಡುಗೆಮನೆ ಆದ ಹಾಗೆ, ಸಂಸಾರಗಳು ಒಡೀತವಮ್ಮ, ನಾನು ನೋಡಿದೀನಿ, ಅವರು ಅದನ್ನು ನಿಜವಾಗಿ ನಂಬಿದ್ದಾರೆ, ದನಿಯಲ್ಲಿ ಮೋಸವಿಲ್ಲ, ಅದೇ ಭಯ. ಮುಂದಿನ ಸೀಟಿನಲ್ಲಿ ಅವರ ಹೆಂಡತಿ ಜಯಾ ಆಂಟಿ ಕಿಟಕಿಯ ಮೇಲಿನ ಹಿಡಿಕೆ ಹಿಡಿದುಕೊಂಡಿದ್ದರು, ಅಂಕಲ್ ಓಡಿಸುವಾಗೆಲ್ಲ ಹಿಡಿದುಕೊಳ್ಳುತ್ತಾರೆ, ನಿಧಾನ ಅಂತ ಒಂದು ಸಲವೂ ಹೇಳಿದ್ದು ಕೇಳಿಲ್ಲ, ಬೆರಳ ಗೆಣ್ಣುಗಳು ಬಿಳಿಚಿಕೊಳ್ಳುತ್ತವೆ ಅಷ್ಟೆ, ಸ್ಯಾನ್ ಡಿಯಾಗೋದಿಂದ ಟೊರೆನ್ಸಿನವರೆಗೂ ಸಮುದ್ರ ಎಡಕ್ಕೆ ಬಂದು ಹೋಗುತ್ತಲೇ ಇತ್ತು, ಮಂಜಿನಲ್ಲಿ ಕಂಡೂ ಕಾಣದೆ, ಆಂಟಿ ನೋಡಲಿಲ್ಲ, ರಸ್ತೆಯನ್ನೇ ನೋಡುತ್ತಿದ್ದರು.

ಬೆಳಗಿನ ಚಪ್ಪಾಳೆಗಳಾದರೂ ಎಷ್ಟು, ಅಂಗೈ ಇನ್ನೂ ಉರಿಯುತ್ತದೆ. ಅತಿಥಿ ಕನೀಜ್ ಫಾತಿಮಾ ಮೇಡಂ, ಬೆಂಗಳೂರಿನ ಬಸವನಗುಡಿಯವರು, ಲಾಸ್ ಏಂಜಲೀಸಿನಲ್ಲಿ ವಕೀಲರು, ಹೆಂಗಸರಿಗೆ ಕಡಿಮೆ ಸಂಬಳ ಕೊಟ್ಟ ಕಂಪನಿಗಳನ್ನು ಕೋರ್ಟಿಗೆ ಎಳೆದವರು, ಕುಳ್ಳಗೆ, ಸೀರೆಯ ಕೆಳಗೆ ಓಡುವ ಬೂಟು, ವೇದಿಕೆಗೆ ಬಂದವರೇ ಮೈಕನ್ನು ತಮ್ಮ ಎತ್ತರಕ್ಕೆ ಇಳಿಸಿ, ಯಾವಾಗ್ಲೂ ಗಂಡಸರ ಎತ್ತರಕ್ಕೇ ಇಟ್ಟಿರ್ತೀರಪ್ಪ ನೀವು ಅಂದರು, ಅಲ್ಲಿಂದಲೇ ನಗು. ನಾನು ಮೊದಲ್ನೇ ಸಲ ಮೀಟಿಂಗಲ್ಲಿ ಬಾಯಿ ಬಿಟ್ಟಾಗ ನನ್ನ ಧ್ವನಿ ಹೆಂಗೆ ಬಂತು ಗೊತ್ತಾ, ಮೇಕೆ ತರಹ, ಬರೀ ಮೇಕೆ, ಆದ್ರೆ ನೋಡಿ, ಮಿನಿಟ್ಸ್ ಬರೆಯೋ ಪುಸ್ತಕದಲ್ಲಿ ಮೇಕೆ ಅರಚಿತು ಅಂತ ಬರೀಲಿಲ್ಲ, ಕನೀಜ್ ಫಾತಿಮಾ ಆಕ್ಷೇಪ ಎತ್ತಿದರು ಅಂತ್ಲೇ ಬರೆದ್ರು, ಕಾಗದಕ್ಕೆ ಧ್ವನಿ ಕೇಳ್ಸಲ್ಲಮ್ಮ. ಆಮೇಲೆ ಗಂಭೀರವಾದರು, ಆ ಮೀಟಿಂಗ್ ಆದ್ಮೇಲೆ ನನ್ನ ಕೆಲ್ಸ ಹೋಯ್ತು, ಧೈರ್ಯವಾಗಿ ಮಾತಾಡಿದ್ರೆ ಎಲ್ಲ ಒಳ್ಳೇದಾಗುತ್ತೆ ಅಂತ ನಾನು ನಿಮ್ಗೆ ಸುಳ್ಳು ಹೇಳೋಕೆ ಬಂದಿಲ್ಲ, ಎರಡು ವರ್ಷ ಅಕ್ಕನ ಮನೆ ಸೋಫಾ ಮೇಲೆ ಮಲಗಿದೀನಿ. ಮೇದಿನಿಗೆ ಆ ಸೋಫಾ ಕಂಡಿತು, ಅದರ ಬಣ್ಣ ಸಹ, ಕಂದು, ತನಗೆ ಇಲ್ಲಿ ಅಕ್ಕ ಇಲ್ಲ. ಸೀತಾರಾಮ ಅಂಕಲ್ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟು, ಹೆಣ್ಣು ಅಂದರೆ ಶಕ್ತಿ, ಹೆಣ್ಣು ಮಾತಾಡಿದರೆ ಸಮಾಜ ಕೇಳಬೇಕು ಅಂತ ಪುಸ್ತಕದ ಕನ್ನಡದಲ್ಲಿ ಹೇಳಿದರು, ಎಲ್ಲರೂ ಎದ್ದು ನಿಂತು ಚಪ್ಪಾಳೆ, ಪ್ರಭಾ ಆಂಟಿಯೂ ಚಪ್ಪಾಳೆ. ಊಟಕ್ಕೆ ಇವತ್ತು ವಿಶೇಷ, ಗಂಡಸರೇ ಬಡಿಸುವುದು, ಎಲ್ಲರಿಗೂ ಏಪ್ರನ್ನು, ನಮ್ಮ ಹೆಣ್ಮಕ್ಕಳು ಇವತ್ತು ರಾಣಿಯರು ಅಂತ ಶಿವರಾಮ ಅಂಕಲ್ ಸೌಟು ಹಿಡಿದು ಫೋಟೋ ತೆಗೆಸಿಕೊಂಡರು, ಅಧ್ಯಕ್ಷರು ಹಪ್ಪಳದ ಬುಟ್ಟಿ ಹಿಡಿದು ಇನ್ನೊಂದು ಫೋಟೋ, ಅವರ ಹಿಂದೆ ಹೆಂಗಸರು ಯಾವ ಪಾತ್ರೆಯಲ್ಲಿ ಏನಿದೆ ಅಂತ ಹೇಳಿಕೊಡುತ್ತಿದ್ದರು, ಸ್ವಲ್ಪ ತುಪ್ಪ ಹಾಕ್ರೀ, ಮೇಲಿಂದಲ್ಲ, ಕೆಳಗಿಂದ ತಿರುವಿ. ಕನೀಜ್ ಮೇಡಂ ತಿಂದು, ಇನ್ನೊಂದು ಕಡೆ ಹೋಗಬೇಕು ಅಂತ ಹೊರಟರು, ಬಾಗಿಲಲ್ಲಿ ಮೇದಿನಿ ಚಪ್ಪಲಿ ಹುಡುಕುತ್ತಿದ್ದಳು, ಹೋಗಬೇಡಿ ಅನ್ನಬೇಕೆನಿಸಿತು, ಎರಡು ಗಂಟೆ ಇರಿ ಮೇಡಂ, ಹಿಂದಿನ ಸಾಲಲ್ಲಿ ಸುಮ್ಮನೆ ಕೂತಿರಿ – ಬಾಯಿಗೆ ಬಂದದ್ದು ಊಟ ಚೆನ್ನಾಗಿತ್ತಾ ಮೇಡಂ. ತುಂಬ ಚೆನ್ನಾಗಿತ್ತಮ್ಮ, ಅಂದು ಕೆನ್ನೆ ತಟ್ಟಿ ಹೋದರು, ಆ ಕೈ ಬೆಚ್ಚಗಿತ್ತು, ಕಾರು ತಿರುಗಿ ಕಾಣೆಯಾಗುವವರೆಗೂ ನಿಂತಿದ್ದಳು, ಈಗ ಯಾರೂ ಇಲ್ಲ.

ಆಮೇಲೆ ಮುಖ ತೊಳೆಯಲು ಬಾತ್‌ರೂಮಿಗೆ ಹೋಗಿದ್ದು, ಸಿಂಕಿನ ಮುಂದೆ ಬಗ್ಗಿ ನಿಂತಿದ್ದು, ಕನ್ನಡಿಯಲ್ಲಿ ಹಿಂದಿನಿಂದ ಜಯಾ ಆಂಟಿ ಬಂದದ್ದು. ತಿರುಗು, ಸೆರಗು ಜಾರ್ತಿದೆ. ಅವರ ಬಾಯಲ್ಲಿ ಪಿನ್ನು, ಹಲ್ಲುಗಳ ನಡುವೆ ಹಿಡಿದುಕೊಂಡೇ ಮಾತು. ಗುರುವಾರ ಫೋನು ಬಂದಾಗ ನಾನು ಪಕ್ಕದಲ್ಲೇ ಬೀನ್ಸ್ ಹೆಚ್ತಿದ್ದೆ ಕಣೇ. ಹಾಗಾದರೆ ಅಂಕಲ್‌ಗೆ ಗೊತ್ತು, ಗೊತ್ತಿದ್ದೂ ಬೆಳಿಗ್ಗೆ ಕಾರಿನಲ್ಲಿ ಅಲ್ವೇನಮ್ಮ ಅಂದರು, ಆಂಟಿ, ನಾನು – ಶ್, ಹೇಳ್ಬೇಡ, ಏನ್ ಮಾಡ್ತೀಯ ಅಂತ ನಂಗೆ ಹೇಳ್ಲೇಬೇಡ, ಹೇಳಿದ್ರೆ ಅವರು ಕೇಳ್ದಾಗ ಗೊತ್ತಿಲ್ಲ ಅನ್ನೋಕಾಗಲ್ಲ, ನಂಗೆ ಸುಳ್ಳು ಬರಲ್ಲ, ಮೂವತ್ತು ವರ್ಷದಿಂದ ನಾನು ಸುಳ್ಳೂ ಹೇಳಿಲ್ಲ, ನಿಜಾನೂ ಹೇಳಿಲ್ಲ. ಅಂಕಲ್‌ಗೆ ಗೊತ್ತಾ ಆಂಟಿ. ನಾನು ಯಾರಿಗೂ ಏನೂ ಹೇಳಿಲ್ಲ. ಸೆರಗಿನ ಮಡಿಕೆಗಳನ್ನು ಒಂದರ ಮೇಲೊಂದು ಕೂರಿಸಿ, ಭುಜದ ಮೇಲೆ ಒತ್ತಿ, ಪಿನ್ನನ್ನು ಒಳಗಿನಿಂದ ಚುಚ್ಚಿ, ಒಮ್ಮೆ ಎಳೆದು ನೋಡಿದರು. ಗಟ್ಟಿಯಾಗಿ ಹಾಕಿದೀನಿ, ಕೈ ಎತ್ತಿದ್ರೂ ಬಿಚ್ಚಲ್ಲ. ಅಷ್ಟೇ ಅಂದು, ತೊಳೆಯದ ಕೈಯನ್ನೇ ಒರೆಸಿಕೊಂಡು, ಹೊರಟುಹೋದರು. ಆ ಮಾತನ್ನು ಏನು ಮಾಡಬೇಕು, ಎಲ್ಲಿ ಇಟ್ಟುಕೊಳ್ಳಬೇಕು. ಡೈರಿಯಲ್ಲಾದರೆ ಬರೆಯಬಹುದು, ಅಲ್ಲಿ ಎಲ್ಲರೂ ಅವಳ ಮಾತು ಕೇಳುತ್ತಾರೆ, ಅಲ್ಲಿ ಅವಳು ಎದ್ದು ನಿಂತು ಎಷ್ಟು ಚೆನ್ನಾಗಿ ಮಾತಾಡುತ್ತಾಳೆ, ತೊದಲದೆ. ಆಂಟಿಗೆ ಏನೂ ಆಗಬಾರದು, ಮನೆಗೆ ಹೋದ ಮೇಲೆ ನೀನೇ ತಾನೇ ತಲೆ ಕೆಡಿಸಿದ್ದು ಅಂತ ಅವರ ಮೇಲೆ ಬರಬಾರದು, ಈ ಭಯ ಹೊಸದು, ಈಗ ಹುಟ್ಟಿದ್ದು, ಹಳೆಯ ಭಯಗಳ ಮಧ್ಯೆ ಜಾಗ ಮಾಡಿಕೊಂಡು ಕೂರುತ್ತಿದೆ.

ಮುಂದಿನ ವಿಷಯ, ಶ್ರೀಮತಿ ಪ್ರಭಾ ಅವರಿಂದ, ಅಂತ ಅಂಕಲ್ ಓದಿದರು, ಓದುವಾಗ ಮುಗುಳ್ನಗೆ. ಬಂತು. ಪ್ರಭಾ ಆಂಟಿ ಎದ್ದು ನಡೆದು ಬರುತ್ತಿದ್ದಾರೆ, ಮಂಡಿ ನೋವು, ಎಡಗಾಲು ಸ್ವಲ್ಪ ಎಳೆಯುತ್ತದೆ, ಕುರ್ಚಿಗಳ ನಡುವೆ ದಾರಿ ಬಿಡಲು ಯಾರೋ ಕಾಲು ಮಡಿಸಿಕೊಂಡರು, ಸಭಿಕರ ಮೈಕು ಕೋಲಿನ ಮೇಲಿದೆ, ಅವರು ಅದನ್ನು ಕೋಲಿನಿಂದ ಬಿಚ್ಚಿ ಕೈಗೆ ತೆಗೆದುಕೊಂಡರು. ನಾನು ಜಾಸ್ತಿ ಮಾತಾಡಲ್ಲ, ಬೆಳಿಗ್ಗೆ ಎಲ್ಲ ಮಾತು ಆಗಿದೆ, ನಾವೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆದ್ವಿ, ನಂದು ಸಣ್ಣ ವಿಷಯ, ಫ್ಯಾಮಿಲಿ ಮೆಂಬರ್‌ಶಿಪ್ಪಲ್ಲಿ ಹದಿನೆಂಟು ದಾಟಿದ ಪ್ರತಿಯೊಬ್ಬರಿಗೂ ಒಂದೊಂದು ವೋಟು ಇರ್ಲಿ, ಗಂಡನಿಗೊಂದು ಹೆಂಡತಿಗೊಂದು, ಅಷ್ಟೇ, ಚರ್ಚೆ ಮಾಡಿ, ಬೇಡ ಅಂದ್ರೆ ಬೇಡ ಅನ್ನಿ, ಆದ್ರೆ ಮಾತಾಡಿ ಬೇಡ ಅನ್ನಿ. ಹಿಂದಿನ ಸಾಲಿನಿಂದ ಯಾರೋ, ಆಂಟಿ, ನಮ್ಮನೇಲಿ ಆಗ್ಲೇ ಎಲ್ಲ ವೋಟೂ ಹೆಂಡ್ತೀದೇ, ನಗು, ಇನ್ನೊಬ್ಬರು, ಹಾಗಾದ್ರೆ ಫೀಸೂ ಡಬಲ್ ಮಾಡಿ, ಇನ್ನೂ ನಗು, ಪ್ರಭಾ ಆಂಟಿ ನಗು ಮುಗಿಯುವವರೆಗೆ ಕಾದರು. ಅಂಕಲ್ ಮೃದುವಾಗಿ, ಪ್ರಭಾ ಅವರ ಸೇವೆ ನಮಗೆಲ್ಲ ಗೊತ್ತು, ಅವರ ಬಗ್ಗೆ ಗೌರವ ಇದೆ, ನಿಯಮದ ಪ್ರಕಾರ ಇದಕ್ಕೆ ಸೆಕೆಂಡ್ ಬೇಕು, ವೋಟಿಂಗ್ ಮೆಂಬರ್ ಯಾರಾದ್ರೂ ಸೆಕೆಂಡ್ ಮಾಡ್ತೀರಾ. ಏಸಿ ಗುಂಯ್‌ಗುಡುತ್ತದೆ, ಯಾವುದೋ ಮಗು ಚಿಪ್ಸ್ ಕವರು ಹರಿಯುತ್ತದೆ, ಅಮ್ಮ ಕಸಿದುಕೊಳ್ಳುತ್ತಾಳೆ. ಈಗ, ಈಗ ಏಳಬೇಕು, ತೊಡೆಗಳು ಕುರ್ಚಿಗೆ ಅಂಟಿವೆ. ಮೂರನೇ ಸಾಲಿನ ಸಿದ್ಧಾರ್ಥ್ ಇದ್ದಾನಲ್ಲ, ಇಂಜಿನಿಯರು, ಊಟದ ಸಾಲಿನಲ್ಲಿ ಪ್ರಭಾ ಆಂಟಿಗೆ ಪಿಸುಮಾತಲ್ಲಿ ಐ ಟೋಟಲಿ ಸಪೋರ್ಟ್ ಯೂ ಆಂಟಿ ಅಂದದ್ದು ಇವಳ ಕಿವಿಗೆ ಬಿದ್ದಿತ್ತು, ಅವನು ಎದ್ದರೆ ಸಾಕು, ಅವನಿಗೆ ವೀಸಾದ ಚಿಂತೆ ಇಲ್ಲ, ಈ ದೇಶದ್ದೇ ಪಾಸ್‌ಪೋರ್ಟ್ ಇದೆ, ಮನೆ ಇದೆ, ಏಳು, ದಯವಿಟ್ಟು ಏಳು, ಅವನು ಫೋನಿನಲ್ಲಿ ಏನೋ ಬಹಳ ಮುಖ್ಯವಾದದ್ದನ್ನು ಓದುತ್ತಿದ್ದಾನೆ, ಹೆಬ್ಬೆರಳು ಮೇಲೆ ಕೆಳಗೆ. ನೀಲಕಂಠಪ್ಪ ಅಂಕಲ್ ಹೆಂಡತಿಯ ಬೆನ್ನು ನೋಡುತ್ತ ಕೂತಿದ್ದಾರೆ, ಅವರಿಗೆ ಏಳುವ ಹಾಗಿಲ್ಲ, ಒಂದೇ ಮನೆ, ಪಾಪ, ತುಟಿ ಅಲುಗುತ್ತಿದೆ, ಯಾರನ್ನೋ ಬೇಡಿಕೊಳ್ಳುವ ಹಾಗೆ.

ಯಾರೂ ಇಲ್ವಾ, ಅಂಕಲ್ ಇನ್ನೊಂದು ಸಲ, ಅವರ ದನಿಯಲ್ಲಿ ಆಗಲೇ ಮುಗಿಸಿದ ನೆಮ್ಮದಿ. ಪ್ರಭಾ ಆಂಟಿ ಸಭೆಯ ಕಡೆ ತಿರುಗಿದರು, ಮೈಕು ಹಿಡಿದ ಕೈಯನ್ನು ಮುಂದಕ್ಕೆ ಚಾಚಿದರು, ಯಾರಿಗೂ ಅಂತಲ್ಲ, ಎಲ್ಲರಿಗೂ, ತಗೊಳ್ಳಿ ಅನ್ನುವ ಹಾಗೆ. ಅವಳ ಕಡೆ ನೋಡಲಿಲ್ಲ. ಒಂದು ಸಲವೂ ನೋಡಲಿಲ್ಲ. ನೋಡಿದ್ದರೆ ಬಲವಂತವಾಗುತ್ತಿತ್ತು, ನೋಡದೆ ಬಿಟ್ಟಿದ್ದಾರೆ, ನೀನು ಏಳದಿದ್ದರೂ ನಿನ್ನ ಹೆಸರು ಹೇಳುವುದಿಲ್ಲ ಮರಿ ಅಂತ ಆ ನೋಡದ ಕಣ್ಣು ಹೇಳುತ್ತಿದೆ, ಓಡಿಹೋಗಲು ಬಾಗಿಲು ತೆರೆದಿಟ್ಟಿದ್ದಾರೆ, ಬೇಡವಾಗಿತ್ತು, ಅಷ್ಟು ಒಳ್ಳೆಯವರಾಗಬೇಡಿ ಯಾರೂ, ಎಲ್ಲರೂ ಒಳ್ಳೆಯವರಾಗಿ ಆಗಿ ಅವಳಿಗೆ ಉಸಿರಾಡಲು ಜಾಗವಿಲ್ಲ. ಚಾಚಿದ ಕೈ. ಮೈಸೂರಿನ ಸ್ಕೂಲು, ಮೂರನೇ ಕ್ಲಾಸು, ಮಿಸ್ಸು ಹಾಜರಿ ಕೂಗುತ್ತಾರೆ, ಮೇದಿನಿ, ಬಾಯಿ ತೆರೆದರೆ ಗಾಳಿ ಮಾತ್ರ, ಮೇದಿನಿ, ಕಣ್ಣೆದುರಿಗೇ ಕೂತಿದ್ದಾಳೆ, ಎರಡನೇ ಬೆಂಚು, ಎರಡು ಜಡೆ, ಆಬ್ಸೆಂಟ್ ಅಂತ ಬರೆದುಕೊಂಡು ಮುಂದಿನ ಹೆಸರಿಗೆ ಹೋದರು, ಸಂಜೆ ಅಮ್ಮ, ಸ್ಕೂಲಿಗೆ ಹೋಗಿ ಎಲ್ಲಿ ಕೂತಿದ್ದೆ, ಅಲ್ಲೇ ಕೂತಿದ್ದೆ ಅಮ್ಮ, ಹಾಗಾದ್ರೆ ಯಾಕೆ ಹೇಳ್ಲಿಲ್ಲ, ಗೊತ್ತಿಲ್ಲ. ಗೊತ್ತಿಲ್ಲ, ಇವತ್ತಿಗೂ ಗೊತ್ತಿಲ್ಲ. ಮಂಗಳವಾರ. ಆ ಫೋನು. ನಿಂಬೆ ಗಿಡದ ಕೋಣೆ, ಅದರ ಮಂಚದ ಕೆಳಗೆ ಎರಡು ಸೂಟ್‌ಕೇಸು, ರಾತ್ರಿ ಊಟದ ಮೇಜಿನಲ್ಲಿ ಅಂಕಲ್ ಬೈಯುವುದಿಲ್ಲ, ಏನೂ ಅನ್ನುವುದಿಲ್ಲ, ಸಾರು ಹಾಕ್ಕೊಮ್ಮ ಅಂತ ಎಂದಿನಂತೆ ಅನ್ನುತ್ತಾರೆ, ಆ ಸಾರನ್ನು ಹೇಗೆ ನುಂಗುವುದು, ಬೀದಿ, ವಾಪಸ್, ಬ್ಯಾಂಕಿನ ಹುಡುಗ, ಕರೆಯೋಲೆಯಲ್ಲಿ ಎರಡನೇ ಹೆಸರು, ಚಾಚಿದ ಕೈ, ಈಗ ಸ್ವಲ್ಪ ನಡುಗುತ್ತಿದೆ, ವಯಸ್ಸಿನ ನಡುಕ, ಮೈಕು ಅದನ್ನು ಹಿಡಿದು ಸ್ಪೀಕರಿಗೆ ಕಳಿಸುತ್ತಿದೆ, ಗರ್ ಗರ್ ಅಂತ ಸಣ್ಣ ಸದ್ದು ಹಾಲಿನ ನಾಲ್ಕೂ ಮೂಲೆಯಿಂದ, ಆ ಕೈ ಹೀಗೇ ಎಷ್ಟು ಹೊತ್ತು ಇರುತ್ತದೆ, ಇಳಿದರೆ ಮೂರು ವರ್ಷ, ಇಳಿಯುತ್ತದೆ, ಈಗ ಇಳಿಯುತ್ತದೆ. ಸರಿ, ಹಾಗಾದ್ರೆ ಯಾರೂ ಇಲ್ಲ ಅಂತ, ಅಂಕಲ್ ಶುರು ಮಾಡಿದರು, ಪಕ್ಕದಲ್ಲಿ ಶಿವರಾಮ ಅಂಕಲ್ ಪೆನ್ನಿನ ಮುಚ್ಚಳ ತೆಗೆದರು.

ಕುರ್ಚಿ ಹಿಂದಕ್ಕೆ ಸರಿದ ಸದ್ದು, ಕರ್ ಅಂತ, ಇಷ್ಟು ಜೋರಾಗಿ ಯಾರು ಎದ್ದದ್ದು, ತಿರುಗಿದ ಮುಖಗಳೆಲ್ಲ ಇವಳ ಕಡೆ ಯಾಕೆ, ಓ. ಕಾಲುಗಳು ನಿಂತಿವೆ. ಯಾವಾಗ ನಿಂತವೋ. ಅಂಕಲ್ ಕನ್ನಡಕದ ಮೇಲಿಂದ ನೋಡಿ, ಮುಖದಲ್ಲಿ ನಿಜವಾದ ಕಾಳಜಿ, ಏನಮ್ಮ ಮೇದಿನಿ, ಹುಷಾರಿಲ್ವಾ, ಜಯಾ ನೋಡು ಅವಳನ್ನ, ಹೊರಗೆ ಕರ್ಕೊಂಡು ಹೋಗು, ನೀರು ಕೊಡು. ಎಲ್ಲರೂ ಹೌದು ಹೌದು ಅನ್ನುವಂತೆ, ಪಾಪ, ಊಟ ಲೇಟಾಯ್ತು, ಪಕ್ಕದ ಆಂಟಿ ನೀರಿನ ಬಾಟಲಿ ಎತ್ತಿಕೊಟ್ಟರು, ಎಷ್ಟು ಸುಲಭದ ದಾರಿ, ಹೂಂ ಅಂದರೆ ಸಾಕು, ತಲೆ ತಿರುಗ್ತಿದೆ ಅಂಕಲ್, ಅರ್ಧ ನಿಜವೂ ಹೌದು, ಹೊರಗೆ ಸಮುದ್ರದ ಗಾಳಿ, ಬೆಂಚು, ಆಮೇಲೆ ಕಾರು, ಮಂಗಳವಾರ, ಎಲ್ಲ ಇದ್ದ ಹಾಗೇ. ಜಯಾ ಆಂಟಿ ಮಾತ್ರ ಕುರ್ಚಿಯಿಂದ ಏಳಲಿಲ್ಲ. ಗಂಡ ಹೇಳಿದ್ದು ಕೇಳಿಸಿತು, ಕೇಳಿಸಿಯೂ ಕೂತೇ ಇದ್ದರು, ಕೈ ಮಡಿಲಲ್ಲಿ, ರಸ್ತೆ ನೋಡುವ ಹಾಗೆ ಎದುರಿಗೆ ನೋಡುತ್ತ. ಪ್ರಭಾ ಆಂಟಿ ಈಗ ಮೊದಲ ಸಲ ಅವಳನ್ನು ನೋಡಿದರು, ಆ ಕೈ, ಚಾಚಿದ ಕೈ, ತಾನೂ ತಿರುಗಿತು, ಅವಳ ಕಡೆ, ಇಬ್ಬರ ನಡುವೆ ಐದಾರು ಸಾಲು, ಅಷ್ಟು ದೂರಕ್ಕೆ ಆ ಮೈಕು ಮುಟ್ಟುವುದಿಲ್ಲ, ಆದರೂ ಚಾಚಿದ್ದಾರೆ, ಚಾಚಿದ ಕೈ, ಬೇರೆ ಏನೂ ಕಾಣುತ್ತಿಲ್ಲ, ಬ್ಯಾನರಿಲ್ಲ, ಮುಖಗಳಿಲ್ಲ, ಕೈ.

ಹುಷಾರಾಗೇ ಇದೀನಿ ಅಂಕಲ್, ಮೇದಿನಿ ಅಂದಳು, ದನಿ ಸೀಳಿ ಎಲ್ಲೆಲ್ಲೋ ಹೋಯಿತು, ನಂಗೆ ನಿಮ್ಮನ್ನ ಕಂಡ್ರೆ ಭಯ ಆಗ್ತಿದೆ, ಅಷ್ಟೇ, ನಾನು ಸೆಕೆಂಡ್ ಮಾಡ್ತೀನಿ.